ಈ ಮಗುವಿಗೆ ಯಾವ ಹೆಸರು? ಕರ್ನಾಟಕದ ಧರ್ಮಾಧ್ಯಕ್ಷರಿಗೆ, ಸಭಾಪಾಲಕರಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಧರ್ಮಾಧ್ಯಕ್ಷರೇ, ಬಿಷಪ್ಪರೇ, ಸಭಾಪಾಲಕರೇ, ಸೆಮಿನರಿಗಳ ಹಾಗೂ ಕ್ರೈಸ್ತ ಶಾಲೆ-ಆಸ್ಪತ್ರೆಗಳ ಹೊಣೆ ಹೊತ್ತವರೇ,

ಕೃತಕ ಬುದ್ಧಿಮತ್ತೆಯ ಮಾತು ಬಂದಾಗ ನಮ್ಮ ಚರ್ಚುಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ‘ಯಂತ್ರಕ್ಕೆ ಆತ್ಮವಿಲ್ಲ, ನಮಗೇನೂ ತೊಂದರೆಯಿಲ್ಲ’ ಎನ್ನುವುದು ಒಂದು. ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯ 13ನೇ ಅಧ್ಯಾಯದಲ್ಲಿ ಮೃಗದ ವಿಗ್ರಹಕ್ಕೆ ಉಸಿರು ಬಂದು ಅದು ಮಾತಾಡುತ್ತದಲ್ಲ, ಅದೇ ಇದು ಎಂದು ವಾಟ್ಸಾಪಿನಲ್ಲಿ ಹರಿದಾಡುವುದು ಇನ್ನೊಂದು. ಮೊದಲನೆಯದು ಸೋಮಾರಿ ಉತ್ತರ. ಎರಡನೆಯದು, ರೋಮ್ ಚಕ್ರವರ್ತಿಯ ಪೂಜೆಗೆ ಒಪ್ಪದೆ ಕಷ್ಟಪಟ್ಟ ಏಷ್ಯಾ ಮೈನರಿನ ಸಭೆಗಳಿಗೆ ಬರೆದ ಮಾತನ್ನು ಕಿತ್ತು ತಂದು ಮೊಬೈಲಿಗೆ ಅಂಟಿಸುವ ಕೆಲಸ. ಎರಡರಲ್ಲೂ ಯಂತ್ರ ಏನೆಂಬ ಚರ್ಚೆ ಇದೆ, ಮನುಷ್ಯ ಯಾರೆಂಬ ಪ್ರಶ್ನೆ ಇಲ್ಲ. ನಾವು ತಮ್ಮ ಮುಂದಿಡುತ್ತಿರುವುದು ಆ ಪ್ರಶ್ನೆಯನ್ನು. ಅದರ ಜತೆಗೆ ಒಂದು ವರ್ಷದೊಳಗೆ ಮಾಡಿ ಮುಗಿಸಬಹುದಾದ ಕೆಲವು ಕೆಲಸಗಳನ್ನು.

ನಮ್ಮಲ್ಲಿ ಕೆಲವರು ದೈವಶಾಸ್ತ್ರ ಕಲಿಸುವವರು, ಕೆಲವರು ಭಾಷಾ ತಂತ್ರಾಂಶ ಬರೆಯುವವರು. ಕಥೋಲಿಕರಿದ್ದೇವೆ, ಸಿಎಸ್‌ಐ ಎಂಬ ಪ್ರಾಟೆಸ್ಟಂಟ್ ಸಭೆಯವರೂ ಇದ್ದೇವೆ. ಹಾಗಾಗಿ ಈ ಪತ್ರದಲ್ಲಿ ಒಂದೇ ಅರ್ಥದ ಎರಡು ಕಡೆಯ ಪದಗಳು, ಪ್ರಬೋಧನೆಯೂ ಪ್ರಸಂಗವೂ, ಶುಭಸಂದೇಶವೂ ಸುವಾರ್ತೆಯೂ ಬೆರೆತು ಬಂದರೆ ಮನ್ನಿಸಬೇಕು. ಯಂತ್ರವೂ ಇದೇ ತಪ್ಪು ಮಾಡುತ್ತದೆ, ಆದರೆ ಮನ್ನಿಸಿ ಎನ್ನುವುದಿಲ್ಲ. ಆ ವಿಷಯ ಮುಂದೆ ಬರುತ್ತದೆ.

ಆದಿಕಾಂಡದ ಮೊದಲ ಅಧ್ಯಾಯ, 26 ಮತ್ತು 27ನೇ ವಚನ. ಹೀಬ್ರೂವಿನಲ್ಲಿ ಅಲ್ಲಿರುವ ಪದಗಳು ತ್ಸೆಲೆಮ್, ದೆಮೂತ್. ಕನ್ನಡದಲ್ಲಿ ಸ್ವರೂಪ, ಹೋಲಿಕೆ. ಮನುಷ್ಯ ದೇವರ ಸ್ವರೂಪದಲ್ಲಿ ಇದ್ದಾನೆ, ಸರಿ. ಯಾವುದರಲ್ಲಿ? ವಚನ ಬಿಡಿಸಿ ಹೇಳುವುದಿಲ್ಲ. ಸಭೆಯ ಚರಿತ್ರೆಯಲ್ಲಿ ಇದಕ್ಕೆ ಮುಖ್ಯವಾಗಿ ಮೂರು ಉತ್ತರ ಬಂದಿವೆ. ಈಗಿನ ಯಂತ್ರ ಮೂರನ್ನೂ ಅಲುಗಾಡಿಸುತ್ತಿದೆ.

ಮೊದಲನೆಯದು ಬುದ್ಧಿ. ಸಂತ ಅಗಸ್ಟೀನರು ಮನುಷ್ಯನ ನೆನಪು, ಅರಿವು, ಇಚ್ಛೆ ಈ ಮೂರರಲ್ಲಿ ತ್ರಯೇಕ ದೇವರ ಗುರುತನ್ನು ಹುಡುಕಿದರು. 6ನೇ ಶತಮಾನದ ಆರಂಭದಲ್ಲಿ ರೋಮಿನ ತತ್ವಜ್ಞಾನಿ ಬೊಯೆಥಿಯಸ್, ವಿವೇಕವುಳ್ಳ ಸ್ವಭಾವದ ಬಿಡಿ ಇರವೇ ‘ವ್ಯಕ್ತಿ’ ಎಂದು ಲಕ್ಷಣ ಹೇಳಿದ. ಸಾವಿರ ವರ್ಷಕ್ಕೂ ಮಿಕ್ಕಿ ಅದೇ ಪಾಠ ನಡೆಯಿತು. ಈಗಲೂ ಪೀಠದಿಂದ ಕೇಳಿಬರುವುದು ಹೆಚ್ಚಾಗಿ ಇದೇ: ಮನುಷ್ಯ ಯೋಚಿಸುತ್ತಾನೆ, ಯಂತ್ರ ಯೋಚಿಸುವುದಿಲ್ಲ. ಆದರೆ ಈ ವಾದ ಹೂಡಿದವರು ವರ್ಷವರ್ಷವೂ ಹಿಂದೆ ಸರಿಯಬೇಕಾಗಿದೆ. 1997ರಲ್ಲಿ ಐಬಿಎಂನ ಡೀಪ್ ಬ್ಲೂ ಚೆಸ್‌ನಲ್ಲಿ ಕ್ಯಾಸ್ಪರೋವ್‌ನನ್ನು ಸೋಲಿಸಿದಾಗ, ಚೆಸ್ ಬರೀ ಲೆಕ್ಕಾಚಾರ ಎಂದರು. 2016ರಲ್ಲಿ ಆಲ್ಫಾಗೋ ಗೋ ಆಟದಲ್ಲಿ ಲೀ ಸೆಡೋಲ್‌ರನ್ನು ಸೋಲಿಸಿದಾಗ, ಆದರೂ ಕವಿತೆ ಬರೆಯಲಾರದು ಎಂದರು. ಈಗ ಅದೂ ಹೋಯಿತು. ಕೆರೆ ಬತ್ತುತ್ತ ಬಂದಂತೆ ಮೀನು ನಡುಗುಂಡಿಗೆ ಸರಿಯುತ್ತದಲ್ಲ, ಹಾಗೆ. ಇದಕ್ಕಿಂತ ದೊಡ್ಡ ದೋಷ ಬೇರೆ ಇದೆ. ಬುದ್ಧಿಯೇ ಅಳತೆಗೋಲಾದರೆ ಹುಟ್ಟಿ ಮೂರು ದಿನದ ಕೂಸು, ಬುದ್ಧಿಮಾಂದ್ಯವಿರುವ ಮಗ, ಮಕ್ಕಳ ಹೆಸರನ್ನೇ ಮರೆತ ಅಜ್ಜಿ ಎಲ್ಲಿ ನಿಲ್ಲಬೇಕು? ಯಂತ್ರ ಬರುವ ಮೊದಲೂ ಈ ಅಳತೆಗೋಲು ಸೊಟ್ಟಗೇ ಇತ್ತು. ಯಂತ್ರ ಬಂದು ಅದನ್ನು ಕಾಣಿಸಿಕೊಟ್ಟಿತು, ಅಷ್ಟೆ.

ಎರಡನೆಯದು ಕೆಲಸ. ಪ್ರಾಚೀನ ಪಶ್ಚಿಮ ಏಷ್ಯಾದ ಅರಸರು ತಾವಿಲ್ಲದ ಪ್ರಾಂತ್ಯಗಳಲ್ಲಿ ತಮ್ಮ ಪ್ರತಿಮೆ ನಿಲ್ಲಿಸಿ ಅಧಿಕಾರ ಸಾರುತ್ತಿದ್ದರು. ಅದೇ ರೀತಿ ಭೂಮಿಯ ಮೇಲೆ ದೇವರ ಪರವಾಗಿ ಆಳುವ, ಉಳುವ, ಕಾಯುವ ಪ್ರತಿನಿಧಿಯೇ ಮನುಷ್ಯ. 26ನೇ ವಚನದಲ್ಲೇ ದೊರೆತನದ ಮಾತಿರುವುದರಿಂದ ಬಹಳ ಬೈಬಲ್ ಪಂಡಿತರು ಇಂದು ಈ ಕಡೆ ವಾಲಿದ್ದಾರೆ. ಒಳ್ಳೆಯ ಓದು ಇದು. ಆದರೆ ಬೆಂಗಳೂರಿನ ಚರ್ಚುಗಳಲ್ಲಿ ಇದನ್ನು ಹೇಳುವಾಗ ಹುಷಾರಾಗಿರಬೇಕು. ಮುಂದಿನ ಬೆಂಚಿನಲ್ಲಿ ಕುಳಿತ ಹುಡುಗ ಹತ್ತು ವರ್ಷ ಮಾಡುತ್ತಿದ್ದ ಟೆಸ್ಟಿಂಗ್ ಕೆಲಸವನ್ನು ತಂತ್ರಾಂಶಕ್ಕೆ ಒಪ್ಪಿಸಿ ಬಂದಿರಬಹುದು. ಕೆಲಸವೇ ದೇವರ ಸ್ವರೂಪ ಎಂದು ಅವನ ಕಿವಿಗೆ ಬಿದ್ದರೆ, ಕೆಲಸದೊಂದಿಗೆ ಅದೂ ಹೋಯಿತು ಎಂದೇ ಅವನು ತಿಳಿಯುತ್ತಾನೆ. 1981ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ, ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ ಎಂದದ್ದು ಇಲ್ಲಿ ಕೈಹಿಡಿಯುತ್ತದೆ. ಪೋಪ್ 14ನೇ ಲಿಯೋ ಅವರು ಆಯ್ಕೆಯಾದ ಎರಡೇ ದಿನಕ್ಕೆ, 2025ರ ಮೇ 10ರಂದು, ಕಾರ್ಡಿನಲ್‌ಗಳ ಮುಂದೆ ತಮ್ಮ ಹೆಸರಿಗೆ ಕೊಟ್ಟ ಕಾರಣವೂ ಇದೇ ಜಾಡಿನದು: 13ನೇ ಲಿಯೋ 1891ರಲ್ಲಿ ಕೈಗಾರಿಕಾ ಕ್ರಾಂತಿಯ ಕಾಲದ ಕೂಲಿಕಾರರ ಪರವಾಗಿ ಬರೆದರು, ಈಗ ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಸಭೆಗೆ ಅದೇ ಹೊಣೆ ಇದೆ.

ಮೂರನೆಯದು ಸಂಬಂಧ. 20ನೇ ಶತಮಾನದಲ್ಲಿ ಸ್ವಿಸ್ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಇದಕ್ಕೆ ಬಲ ಕೊಟ್ಟರು. ‘ಗಂಡಾಗಿ ಹೆಣ್ಣಾಗಿ’ ಉಂಟುಮಾಡಿದ ಎಂಬ ಮಾತು 27ನೇ ವಚನದಲ್ಲಿರುವುದರಿಂದ, ನಾನು-ನೀನು ಎಂಬ ಎದುರುಬದುರಿನಲ್ಲೇ ಸ್ವರೂಪ ಇದೆ ಎಂದರು. ಚಾಟ್‌ಬಾಟ್ ಬಂದ ಮೇಲೆ ಎಲ್ಲರೂ ಹಿಡಿದಿರುವ ಕೊಂಬೆ ಇದು: ಯಂತ್ರ ಲೆಕ್ಕ ಮಾಡಬಹುದು, ಪ್ರೀತಿಸಲಾರದು. ನಿಜವೇ. ಆದರೆ ರಾತ್ರಿ ಎರಡು ಗಂಟೆಗೂ ಬೇಸರಿಸದೆ, ಎದುರಾಡದೆ, ‘ನಿನ್ನ ನೋವು ಅರ್ಥವಾಗುತ್ತದೆ’ ಎಂದು ಬರೆಯುವ ಯಂತ್ರದ ಜತೆಗಿನ ಒಡನಾಟ ಒಂಟಿ ಹುಡುಗಿಗೆ ಸಂಬಂಧದಂತೆಯೇ ಕಾಣುತ್ತದೆ. ನೀನು-ನಾನು ಎಂಬ ವೇಷವನ್ನು ಯಂತ್ರ ಚೆನ್ನಾಗಿಯೇ ಕಟ್ಟುತ್ತದೆ.

ಹಾಗಾದರೆ ಏನು ಉಳಿಯಿತು? ನಮ್ಮ ಅಭಿಪ್ರಾಯ ನೇರ. ಮೂರೂ ಉತ್ತರಗಳಲ್ಲಿ ಸತ್ಯ ಇದೆ, ಮೂರೂ ಎಡವುವುದು ಒಂದೇ ಕಡೆ. ಮನುಷ್ಯನಲ್ಲಿ ಏನೋ ಒಂದು ಶಕ್ತಿ ತೋರಿಸಿ, ಅದರಿಂದ ಅವನ ಬೆಲೆ ಎಂದು ಹೊರಟರೆ ಅಳೆಯುವ ಆಟ ಶುರುವಾಗುತ್ತದೆ. ಯೆಶಾಯನ 43ನೇ ಅಧ್ಯಾಯದಲ್ಲಿ ದೇವರು ಹೆಸರು ಹಿಡಿದು ಕರೆಯುತ್ತಾರೆ, ನೀನು ನನ್ನವನು ಎನ್ನುತ್ತಾರೆ. ಯೆರೆಮೀಯನಿಗೆ ಬಂದ ಮಾತು ಗರ್ಭದಲ್ಲಿ ರೂಪುಗೊಳ್ಳುವ ಮೊದಲೇ ಅವನನ್ನು ಅರಿತಿದ್ದರ ಬಗ್ಗೆ. ಎರಡೂ ಕಡೆ ಆ ವ್ಯಕ್ತಿ ಇನ್ನೂ ಏನೂ ಮಾಡಿ ತೋರಿಸಿಲ್ಲ. ಕರೆ ಮೊದಲು, ಯೋಗ್ಯತೆ ಆಮೇಲೆ. ಕೆಲವೊಮ್ಮೆ ಯೋಗ್ಯತೆ ಬರುವುದೇ ಇಲ್ಲ, ಕರೆ ಮಾತ್ರ ಉಳಿಯುತ್ತದೆ.

ಇದನ್ನು ಕಾಣಲು ದಪ್ಪ ಪುಸ್ತಕ ಬೇಕಿಲ್ಲ. ಕಥೋಲಿಕ ವಿಧಿಯಲ್ಲಿ ಕೂಸಿನ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ದಿನ ಚರ್ಚಿನ ಬಾಗಿಲಲ್ಲೇ ಗುರುಗಳು ತಂದೆತಾಯಿಗೆ ಕೇಳುವ ಮೊದಲ ಪ್ರಶ್ನೆ ಅದರ ಹೆಸರು. ಮಗು ಆಗ ನಿದ್ದೆಯಲ್ಲಿರುತ್ತದೆ, ಇಲ್ಲವೇ ಚೀರುತ್ತಿರುತ್ತದೆ. ಅದರ ಬುದ್ಧಿ, ದುಡಿಮೆ, ಒಡನಾಟ ಯಾವುದನ್ನೂ ಯಾರೂ ವಿಚಾರಿಸುವುದಿಲ್ಲ. ಹೆಸರು ಹಿಡಿದು, ತಲೆಗೆ ಮೂರು ಸಲ ನೀರು. ಎಂಬತ್ತು ವರ್ಷದ ನಂತರ ಆ ಹೆಸರು ಕೂಗಿದರೂ ತಿರುಗಿ ನೋಡದ ಸ್ಥಿತಿಯಲ್ಲಿ ಅದೇ ವ್ಯಕ್ತಿ ಮಲಗಿದ್ದಾಗ, ಹಣೆಗೂ ಅಂಗೈಗೂ ತೈಲ ಹಚ್ಚುವ ಗುರುಗಳು ಮತ್ತೆ ಹಾಗೆಯೇ ನಡೆದುಕೊಳ್ಳುತ್ತಾರೆ. ನಡುವಿನ ಎಂಬತ್ತು ವರ್ಷದ ಸಾಧನೆ ಆ ಎರಡು ಗಳಿಗೆಗಳಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

2025ರ ಜನವರಿ 28ರಂದು ವ್ಯಾಟಿಕನ್ನಿನ ಎರಡು ಇಲಾಖೆಗಳು ಸೇರಿ ಹೊರಡಿಸಿದ ‘ಆಂತಿಕ್ವಾ ಎತ್ ನೋವಾ’ ಟಿಪ್ಪಣಿ 117 ಪರಿಚ್ಛೇದಗಳಲ್ಲಿ ಸುತ್ತುವುದು ಈ ಬಿಂದುವನ್ನೇ: ಮನುಷ್ಯನ ಘನತೆ ಅವನ ಸಾಮರ್ಥ್ಯದ ಮೇಲೆ ನಿಂತಿಲ್ಲ, ಹುಟ್ಟದ ಮಗುವಿಗೂ ಪ್ರಜ್ಞೆ ತಪ್ಪಿದವರಿಗೂ ನರಳುವ ಮುದುಕರಿಗೂ ಅದು ಪೂರ್ತಿಯಾಗಿ ಇದೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರ ನೀತಿ ಆಯೋಗ 2019ರ ಏಪ್ರಿಲ್‌ನಲ್ಲಿ ಹೊರಡಿಸಿದ ಹೇಳಿಕೆ, ಯಾವ ತಂತ್ರಜ್ಞಾನಕ್ಕೂ ಮನುಷ್ಯನ ಗುರುತನ್ನಾಗಲೀ ಬೆಲೆಯನ್ನಾಗಲೀ ಕೊಡಕೂಡದು ಎನ್ನುತ್ತದೆ. ರೋಮ್ ಮತ್ತು ಬ್ಯಾಪ್ಟಿಸ್ಟರು ಒಪ್ಪುವ ಸಂಗತಿಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು. ಕನ್ನಡದಲ್ಲಿ ಕಥೋಲಿಕರೂ ಪ್ರಾಟೆಸ್ಟಂಟರೂ ಸೇರಿ ಒಂದು ಪುಟ ಬರೆಯಲು ಇದಕ್ಕಿಂತ ಒಳ್ಳೆಯ ನೆಲೆ ಸಿಗದು.

ಯಂತ್ರದ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು, ಇಲ್ಲವಾದರೆ ಭಯವೂ ಬೆರಗೂ ತಪ್ಪು ಜಾಗಕ್ಕೆ ಹೋಗುತ್ತವೆ. ‘ದೇವರು’ ಎಂದು ಬೆರಳಚ್ಚಿಸಿದರೆ ಅದು ಐದು ಸಂಕೇತ: ದ, ಏತ್ವ, ವ, ರ, ಉಕಾರ. ಗಣಕ ಅಕ್ಷರಗಳನ್ನು ಉಳಿಸಿಡುವ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಇಂಗ್ಲಿಷಿನ ‘ಗಾಡ್’ ಮೂರೇ ಬೈಟಿನಲ್ಲಿ ಮುಗಿಯುತ್ತದೆ. ಯಂತ್ರ ಪಠ್ಯವನ್ನು ತುಂಡುತುಂಡಾಗಿ ಕತ್ತರಿಸಿ ಒಂದೊಂದು ತುಂಡಿಗೆ ಒಂದು ಸಂಖ್ಯೆ ಕೊಡುತ್ತದೆ. ಕನ್ನಡದ ಮಾತು ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ತುಂಡಾಗುತ್ತದೆ. ಆಮೇಲೆ ಅದು ಮಾಡುವುದು ಒಂದೇ ಕೆಲಸ: ಇಷ್ಟು ತುಂಡುಗಳಾದ ಮೇಲೆ ಮುಂದೆ ಯಾವ ತುಂಡು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುವುದು.

ಭಾನುವಾರದ ಶಾಲೆಯಲ್ಲಿ ಇದನ್ನು ಹತ್ತು ನಿಮಿಷದಲ್ಲಿ ತೋರಿಸಬಹುದು. ಮಕ್ಕಳಿಗೆ ಒಂದೊಂದು ಚೀಟಿ ಕೊಡಿ. ‘ಯೆಹೋವನು ನನಗೆ...’ ಎಂದು ಹೇಳಿ ನಿಲ್ಲಿಸಿ, ಮುಂದಿನ ಪದ ಬರೆಯಲು ಹೇಳಿ. ಹೆಚ್ಚಿನವರು ‘ಕುರುಬನು’ ಎಂದು ಬರೆಯುತ್ತಾರೆ. ಯಾರೋ ಒಂದು ಮಗು ‘ಕೇಳಿಸುತ್ತಿಲ್ಲ’ ಎಂದು ಬರೆದೀತು. ಚೀಟಿಗಳನ್ನು ಗುಂಪು ಮಾಡಿ ಎಣಿಸಿ. ಯಂತ್ರ ಹೆಚ್ಚಾಗಿ ಆರಿಸುವುದು ದೊಡ್ಡ ಗುಂಪಿನ ಚೀಟಿಯನ್ನು. ಪಾಠ ಹೇಳುವವರು ಕೂತು ಮಾತಾಡಿಸಬೇಕಾದದ್ದು ಒಂಟಿ ಚೀಟಿಯ ಮಗುವನ್ನು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಯಂತ್ರ ದೇವಾಲಯಕ್ಕೂ ಬಂದಾಗಿದೆ. 2023ರ ಜೂನ್ 9ರಂದು ಜರ್ಮನಿಯ ಫ್ಯೂರ್ತ್ ಊರಿನ ಸಂತ ಪೌಲರ ಚರ್ಚಿನಲ್ಲಿ ಚಾಟ್‌ಜಿಪಿಟಿ ಬರೆದ ಆರಾಧನೆಯನ್ನು ಪರದೆಯ ಮೇಲಿನ ಗೊಂಬೆಮುಖಗಳು ನಡೆಸಿಕೊಟ್ಟವು. ಮುನ್ನೂರಕ್ಕೂ ಹೆಚ್ಚು ಜನ ಸುಮಾರು 40 ನಿಮಿಷ ಕೂತು ಕೇಳಿದರು. ದನಿಯಲ್ಲಿ ಏರಿಳಿತವಿಲ್ಲ, ಓಟ ಜಾಸ್ತಿ ಎಂಬ ದೂರು ಬಂತು. 2024ರಲ್ಲಿ ಸ್ವಿಟ್ಜರ್‌ಲೆಂಡಿನ ಲೂಸರ್ನ್ ನಗರದ ಸಂತ ಪೇತ್ರರ ಪ್ರಾರ್ಥನಾಲಯದಲ್ಲಿ ಪಾಪನಿವೇದನೆಯ ಗೂಡಿನೊಳಗೆ ಯೇಸುವಿನ ಮುಖದ ಯಂತ್ರ ಇಟ್ಟರು. ಸುಮಾರು 900 ಸಂಭಾಷಣೆ ನಡೆದವು. ಇದು ಪಾಪನಿವೇದನೆ ಅಲ್ಲ, ಖಾಸಗಿ ವಿವರ ಹೇಳಬೇಡಿ ಎಂಬ ಎಚ್ಚರಿಕೆಯೇನೋ ಇತ್ತು. ಆದರೆ ಗೂಡಿನಲ್ಲಿ ಕೂರಿಸಿ ಗುಟ್ಟು ಹೇಳಬೇಡ ಎಂದರೆ ಯಾರು ಕೇಳುತ್ತಾರೆ? ಜಾಗವೇ ಮಾತಾಡಿಸುತ್ತದೆ. ಇನ್ನು ಅಮೆರಿಕದ ಕ್ಯಾಥೊಲಿಕ್ ಆನ್ಸರ್ಸ್ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ‘ಫಾದರ್ ಜಸ್ಟಿನ್’ ಎಂಬ, ಗುರುಗಳ ಕಾಲರ್ ತೊಟ್ಟು ಪ್ರಶ್ನೆಗಳಿಗೆ ಉತ್ತರಿಸುವ ಯಂತ್ರಚಿತ್ರವನ್ನು ಬಿಟ್ಟಿತು. ತಾನು ನಿಜವಾದ ಗುರು ಎಂದು ಅದು ಸಾಧಿಸಿತು, ಒಬ್ಬರಿಗೆ ಪಾಪಕ್ಷಮೆಯ ಮಾತನ್ನೂ ಹೇಳಿಬಿಟ್ಟಿತು, ನೀರಿನ ಬದಲು ಗೇಟೊರೇಡ್ ಪಾನೀಯದಲ್ಲಿ ದೀಕ್ಷಾಸ್ನಾನ ಕೊಡಬಹುದು ಎಂದಿತು. ಕೆಲವೇ ದಿನದಲ್ಲಿ ಕಾಲರ್ ಕಳಚಿ ಬರೀ ‘ಜಸ್ಟಿನ್’ ಆಯಿತು. ಅಲ್ಲಿ ಕೆಟ್ಟದ್ದು ಮಾಹಿತಿಯೊಂದೇ ಅಲ್ಲ. ಯಂತ್ರಕ್ಕೆ ಮನುಷ್ಯನ ಹೆಸರು, ಮುಖ, ಪದವಿ ಮೂರನ್ನೂ ಒಟ್ಟಿಗೆ ತೊಡಿಸಿದ್ದೇ ಮೂಲ ತಪ್ಪು. ವ್ಯಾಟಿಕನ್ ಟಿಪ್ಪಣಿ ಯಂತ್ರವನ್ನು ವ್ಯಕ್ತಿಯೆಂದು ತೋರಿಸುವುದನ್ನು ಯಾವಾಗಲೂ ತಪ್ಪಿಸಬೇಕು ಎಂದಿದ್ದು ಇಂಥದ್ದಕ್ಕೇ.

ಈಗ ನಮ್ಮ ಕಡೆಯ ಮಾತು. ಪ್ರಬೋಧನೆಗೆ ಯಂತ್ರ ಬಳಸುವ ಗುರುಗಳು, ಪಾಸ್ಟರುಗಳು ಇದ್ದಾರೆ. ನಿಷೇಧಿಸಿದರೆ ಬಚ್ಚಿಟ್ಟು ಬಳಸುತ್ತಾರೆ. ಕ್ರಮ ಹೇಳಿಕೊಡುವುದೇ ಮೇಲು. ಆ ವಾರದ ವಾಚನವನ್ನು ಮೊದಲು ಮುದ್ರಿತ ಬೈಬಲಿನಲ್ಲಿ ಓದಬೇಕು, ಗಟ್ಟಿಯಾಗಿ, ಎರಡು ಸಲವಾದರೂ. ಆ ವಾರ ಊರಿನಲ್ಲಿ ಸತ್ತವರು, ಮದುವೆಯಾದವರು, ಬೆಳೆ ಕಳೆದುಕೊಂಡವರು ಯಾರು ಎಂದು ನೆನೆದು ಕೈಬರಹದಲ್ಲಿ ಅರ್ಧ ಪುಟ ಬರೆಯಬೇಕು. ಅದಾದ ಮೇಲಷ್ಟೇ ಯಂತ್ರ ತೆರೆಯಲಿ. ಸಮಾನ ವಚನಗಳು ಯಾವುವು, ಈ ಗ್ರೀಕ್ ಪದದ ರೂಪ ಯಾವುದು, ಆ ಊರು ಎಲ್ಲಿತ್ತು, ಇಂಥದ್ದನ್ನು ಕೇಳಬಹುದು. ಪೂರ್ತಿ ಪ್ರಸಂಗ ಬರೆದುಕೊಡು ಎನ್ನಕೂಡದು. ಕೊಟ್ಟ ಪ್ರತಿ ವಚನವನ್ನೂ ಪುಟ ತೆರೆದು ತಾಳೆ ನೋಡಬೇಕು. ಅಧ್ಯಾಯ-ವಚನದ ಸಂಖ್ಯೆಗಳಿಗೆ ಒಂದು ಅಚ್ಚು ಇದೆ, ಯಂತ್ರ ಆ ಅಚ್ಚಿಗೆ ಹೊಂದುವ ಸಂಖ್ಯೆ ಹುಟ್ಟಿಸುತ್ತದೆ, ಅಲ್ಲಿ ಆ ವಚನ ಇದೆಯೋ ಇಲ್ಲವೋ ನೋಡಿ ಹೇಳುವುದಿಲ್ಲ. ಸಂತರ ಹೆಸರಿನ ಉದ್ಧರಣೆಗಳಂತೂ ಇನ್ನೂ ಕೆಟ್ಟವು. ಯಾವ ಕೃತಿಯ ಯಾವ ಭಾಗ ಎಂದು ಕಣ್ಣಾರೆ ಕಾಣುವ ತನಕ ಪೀಠ ಹತ್ತಿಸಬಾರದು.

ಕನ್ನಡಕ್ಕೇ ಅಂಟಿದ ತೊಂದರೆಗಳು ಬೇರೆ. ಕಥೋಲಿಕರು ಯೊವಾನ್ನ ಎಂದರೆ ಪ್ರಾಟೆಸ್ಟಂಟರು ಯೋಹಾನ ಎನ್ನುತ್ತಾರೆ. ಒಬ್ಬರಿಗೆ ವರಪ್ರಸಾದ, ಇನ್ನೊಬ್ಬರಿಗೆ ಕೃಪೆ. ಒಬ್ಬರ ಬೈಬಲಿನಲ್ಲಿ 73 ಗ್ರಂಥ, ಇನ್ನೊಬ್ಬರದರಲ್ಲಿ 66. ಹಳೆಯ ಲತೀನ್ ಎಣಿಕೆಯ ಪ್ರಕಾರ ಕುರುಬನ ಕೀರ್ತನೆ 22ನೆಯದು, ನಮ್ಮ ಕೈಲಿರುವ ಬೈಬಲುಗಳಲ್ಲಿ 23. ಯಂತ್ರ ಒಂದೇ ಪುಟದಲ್ಲಿ ಇದನ್ನೆಲ್ಲ ಕಲಸಿ ಕೊಡುತ್ತದೆ. ಇಂಗ್ಲಿಷಿನಿಂದ ಅನುವಾದಿಸುವಾಗ ‘ಮಾಸ್’ ಎಂಬುದು ಬಲಿಪೂಜೆಯಾಗದೆ ಭೌತಶಾಸ್ತ್ರದ ದ್ರವ್ಯರಾಶಿ ಆಗಬಹುದು, ‘ಹೋಸ್ಟ್’ ಎಂಬುದು ಪವಿತ್ರ ರೊಟ್ಟಿಯಾಗದೆ ಆತಿಥೇಯ ಆಗಬಹುದು. ಇವು ಕಣ್ಣಿಗೆ ಬೀಳುವ ತಪ್ಪುಗಳು, ತಿದ್ದಬಹುದು. ಕಣ್ಣಿಗೆ ಬೀಳದ್ದು ಇನ್ನೊಂದಿದೆ. ಯಂತ್ರ ಕಲಿತ ಕ್ರೈಸ್ತ ಬರಹ ಬಹುಪಾಲು ಇಂಗ್ಲಿಷಿನದು, ಅದರಲ್ಲೂ ಅಮೆರಿಕದ್ದು. ಅಲ್ಲಿನ ಚರ್ಚಿನ ಚಿಂತೆಗಳೇ ಕನ್ನಡ ಉಟ್ಟು ಇಲ್ಲಿ ಪೀಠದ ಮೇಲೆ ನಿಲ್ಲುತ್ತವೆ, ಹಾಸನದ ಕಾಫಿ ತೋಟದ ಆಳು ಯಾರ ಕಷ್ಟ ಇದು ಎಂದು ನೋಡುತ್ತಾ ಕೂರುತ್ತಾನೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಮಂಗಳೂರಿನಿಂದ ಹೊರಡಿಸಿದ, 1894ರಲ್ಲಿ ಕಿಟೆಲ್ಲರ ನಿಘಂಟನ್ನು ಅಚ್ಚು ಹಾಕಿದ ಪರಂಪರೆ ನಮ್ಮದು. ಅಂಥವರ ಮೊಮ್ಮಕ್ಕಳು ಯಂತ್ರದ ಕನ್ನಡದಲ್ಲಿ ಪ್ರಾರ್ಥಿಸಬೇಕೇ? ಹಕ್ಕುಸ್ವಾಮ್ಯ ಮುಗಿದ ಹಳೆಯ ಕನ್ನಡ ಕ್ರೈಸ್ತ ಬರಹ, ಕೀರ್ತನೆ, ಪ್ರಾರ್ಥನೆಗಳನ್ನು ತಪ್ಪಿಲ್ಲದೆ ಬೆರಳಚ್ಚಿಸಿ ಬಹಿರಂಗವಾಗಿ ಇಟ್ಟರೆ ಮುಂದಿನ ಯಂತ್ರಗಳಾದರೂ ಒಳ್ಳೆಯ ಕನ್ನಡ ಕಲಿತಾವು. ಇದು ಸೆಮಿನರಿ ವಿದ್ಯಾರ್ಥಿಗಳಿಗೆ ಒಪ್ಪಿಸಬಹುದಾದ ಕೆಲಸ. ಅನುವಾದದ ಕರಡಿಗೆ ಐಐಟಿ ಮದ್ರಾಸಿನ ಎಐ4ಭಾರತ್ ಬಿಡುಗಡೆ ಮಾಡಿದ ಇಂಡಿಕ್‌ಟ್ರಾನ್ಸ್2 ಇದೆ, ಸಂವಿಧಾನದ 22 ಭಾಷೆಗಳಿಗೂ ನಡೆಯುತ್ತದೆ, ನಿಮ್ಮದೇ ಗಣಕದಲ್ಲಿ ಹಾಕಿಕೊಂಡರೆ ಬರಹ ಹೊರಗೆ ಹೋಗುವುದಿಲ್ಲ.

ಹೊರಗೆ ಹೋಗುವುದು ಎಂದಾಗ ಪಾಪನಿವೇದನೆಯ ವಿಷಯ. ಲತೀನ್ ಸಭೆಯ ಕಾನೂನಿನ 965ನೇ ಕ್ಯಾನನ್ ಪ್ರಕಾರ ಈ ಸಂಸ್ಕಾರ ನೀಡುವವರು ಗುರು ಮಾತ್ರ. 983ನೆಯದು ಗುಟ್ಟಿನ ಮುದ್ರೆಯನ್ನು ಮುರಿಯಲಾಗದು ಎನ್ನುತ್ತದೆ. 2021ರಲ್ಲಿ ಪರಿಷ್ಕರಿಸಿದ 1386ನೆಯದು ಪಾಪನಿವೇದನೆಯ ಮಾತನ್ನು ಯಾವುದೇ ತಾಂತ್ರಿಕ ಸಾಧನದಲ್ಲಿ ದಾಖಲಿಸುವುದನ್ನು, ಅದು ನಟನೆಯ ಪಾಪನಿವೇದನೆಯಾದರೂ, ಶಿಕ್ಷಾರ್ಹ ಮಾಡಿದೆ. ಚಾಟ್‌ಬಾಟ್ ಎಂದರೆ ಸ್ವಭಾವದಿಂದಲೇ ದಾಖಲಿಸುವ ಸಾಧನ. ಅದರಲ್ಲಿ ಬರೆದದ್ದು ದೂರದ ಸರ್ವರಿಗೆ ಹೋಗುತ್ತದೆ, ಅಲ್ಲಿ ಉಳಿಯಬಹುದು, ಸೆಟ್ಟಿಂಗ್ ಬದಲಿಸದಿದ್ದರೆ ಮುಂದಿನ ಯಂತ್ರದ ತರಬೇತಿಗೂ ಹೋಗಬಹುದು, ನ್ಯಾಯಾಲಯ ಕೇಳಿದರೆ ಕೊಡಬೇಕಾಗಬಹುದು. ‘ನನ್ನ ಬಳಿ ಪಾಪನಿವೇದನೆಗೆ ಬಂದವರ ಸಮಸ್ಯೆ ಹೀಗಿದೆ, ಏನು ಸಲಹೆ ಕೊಡಲಿ’ ಎಂದು ಹೆಸರು ಬಿಟ್ಟು ಗುರುವೊಬ್ಬರು ಯಂತ್ರಕ್ಕೆ ಬರೆದರೂ ಅಪಾಯವೇ. ಮುನ್ನೂರು ಮನೆಯ ಧರ್ಮಕೇಂದ್ರದಲ್ಲಿ ‘ದುಬೈಯಲ್ಲಿ ಗಂಡ ಇರುವ ನರ್ಸ್’ ಎಂದರೆ ಹೆಸರು ಹೇಳಿದಂತೆಯೇ. ಸೆಮಿನರಿಯಲ್ಲಿ ಇದನ್ನು ಒಂದು ತರಗತಿಯಾದರೂ ಹೇಳಿ.

ಯುವಜನರು ಮನಸ್ಸಿನ ಕಷ್ಟವನ್ನು ಯಂತ್ರಕ್ಕೆ ತೋಡಿಕೊಳ್ಳುತ್ತಿದ್ದಾರೆ. ಬೈದು ಪ್ರಯೋಜನವಿಲ್ಲ, ನಮ್ಮ ಕಿವಿ ಸಿಗದ ಕಡೆ ಅವರು ಅಲ್ಲಿಗೆ ಹೋದರು. ಯಂತ್ರ ಒಪ್ಪಿಕೊಳ್ಳುತ್ತಾ ಹೋಗುತ್ತದೆ, ಅದೇ ಅದರ ರೋಗ. ಸಾಯುವ ಮಾತಾಡುವವರಿಗೆ ಎದುರು ಕೂರುವ ಮನುಷ್ಯ ಬೇಕು, ತಕ್ಷಣ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಪ್ರತಿ ಚರ್ಚಿನ ಫಲಕದಲ್ಲಿ ದೊಡ್ಡದಾಗಿ ಬರೆಸಿ. ಉಚಿತ, ದಿನವಿಡೀ, ಕನ್ನಡದಲ್ಲೂ ಸಿಗುತ್ತದೆ. ಅದರ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ.

ಸತ್ತವರ ವಿಷಯ ಬಹಳ ಸೂಕ್ಷ್ಮ. ತೀರಿಕೊಂಡ ತಂದೆಯ ಚಿತ್ರಕ್ಕೆ ಜೀವ ಬರಿಸಿ ಮಗಳ ಮದುವೆಯಲ್ಲಿ ಆಶೀರ್ವಾದ ಹೇಳಿಸುವ ವಿಡಿಯೊಗಳು ಶುರುವಾಗಿವೆ. ಉದ್ದೇಶ ಪ್ರೀತಿಯದೇ. ಇಲ್ಲಿ ಒಂದು ಗೆರೆ ಎಳೆಯಬಹುದು. ಅವರೇ ಆಡಿದ ಮಾತಿನ ಹಳೆಯ ಧ್ವನಿಮುದ್ರಿಕೆ ಹಾಕುವುದು ನೆನಪು. ಅವರು ಎಂದೂ ಆಡದ ಮಾತನ್ನು ಅವರ ದನಿಯಲ್ಲಿ ಹುಟ್ಟಿಸುವುದು ಬೇರೆ, ಸತ್ತವನ ಬಾಯಿಗೆ ನಮ್ಮ ಮಾತು ತುರುಕುವ ಕೆಲಸ ಅದು. ಸತ್ತವರನ್ನು ವಿಚಾರಿಸಹೋಗಬೇಡಿ ಎಂಬ ಧರ್ಮೋಪದೇಶಕಾಂಡದ 18ನೇ ಅಧ್ಯಾಯದ ತಡೆಯನ್ನು ನಾವು ಮಾಟಮಂತ್ರದ ಬಗ್ಗೆ ಎಂದಷ್ಟೇ ಓದುತ್ತಾ ಬಂದೆವು. ಆ ವ್ಯಕ್ತಿ ಈಗ ಯಾರು ಎಂಬುದು ದೇವರ ಕೈಯಲ್ಲಿದೆ, ಎಲ್ಲರೂ ಆತನಿಗೆ ಜೀವಿಸುವವರೇ ಎಂದು ಲೂಕನ 20ನೇ ಅಧ್ಯಾಯ. ವಾಟ್ಸಾಪ್ ಸಂದೇಶಗಳ ಕಡತದಲ್ಲಿ ಅವರು ಇಲ್ಲ. ಸತ್ತವರನ್ನು ನೆನೆಯುವ ನವೆಂಬರ್ 2ರ ಸಮಾಧಿ ಪ್ರಾರ್ಥನೆಯಲ್ಲಿ, ಶವಸಂಸ್ಕಾರದಲ್ಲಿ ಇಂಥ ವಿಡಿಯೊ ಬೇಡ ಎಂದು ಮೆತ್ತಗೆ, ಆದರೆ ಮೊದಲೇ ತಿಳಿಸಿಡಿ. ಶವಪೆಟ್ಟಿಗೆ ಮುಂದಿಟ್ಟುಕೊಂಡು ವಾದ ಮಾಡುವ ಹಾಗಾಗಬಾರದು.

ದನಿಯ ನಕಲು ಬದುಕಿರುವವರಿಗೂ ಕಂಟಕ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತೋರಿಸಿದ ವಾಲ್-ಇ ಮಾದರಿಗೆ ಮೂರು ಸೆಕೆಂಡಿನ ದನಿ ಸಾಕಿತ್ತು. ಕೋವಿಡ್ ಕಾಲದಿಂದ ನೇರಪ್ರಸಾರವಾದ ಬಲಿಪೂಜೆ, ಆರಾಧನೆಗಳಿಂದಾಗಿ ತಮ್ಮೆಲ್ಲರ ದನಿಯೂ ಗಂಟೆಗಟ್ಟಲೆ ಯೂಟ್ಯೂಬಿನಲ್ಲಿ ಬಿದ್ದಿದೆ. ಬಿಷಪ್ಪರ ದನಿಯಲ್ಲಿ ತುರ್ತಾಗಿ ಹಣ ಕೇಳಿದರೆ ಫೋನ್ ಇಟ್ಟು, ಗೊತ್ತಿರುವ ಸಂಖ್ಯೆಗೆ ತಿರುಗಿ ಕರೆ ಮಾಡಬೇಕು. ಧರ್ಮಕೇಂದ್ರದ ಖಾತೆಯಿಂದ ಹಣ ಹೋಗಲು ಇಬ್ಬರ ಒಪ್ಪಿಗೆ ಇರಲಿ. ಹಣ ಹೋಗಿಯೇಬಿಟ್ಟರೆ ಮರ್ಯಾದೆಗೆ ಅಂಜಿ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ.

ರಿಜಿಸ್ಟರುಗಳ ಬಗ್ಗೆ ಒಂದೇ ಮಾತು. ಹಳೆಯ ದೀಕ್ಷಾಸ್ನಾನದ ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ‘ಓದಿಕೊಡು’ ಎಂದು ಚಾಟ್‌ಬಾಟ್‌ಗೆ ಹಾಕಬೇಡಿ. ದತ್ತು ಮಗು, ಮದುವೆಯಾಗದ ತಾಯಿ, ಹಿಂದಿನ ಜಾತಿ, ಸಭೆಗೆ ಸೇರಿದ ದಿನಾಂಕ ಎಲ್ಲವೂ ಅದರಲ್ಲಿರುತ್ತದೆ. 2022ರಲ್ಲಿ ಮತಾಂತರದ ಮೇಲೆ ನಿರ್ಬಂಧ ಹಾಕುವ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂದ ರಾಜ್ಯದಲ್ಲಿ ಕೊನೆಯದು ಎಷ್ಟು ನಾಜೂಕಿನದೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ. ಆ ಪುಸ್ತಕ ಹೊರಗಿನವರ ಕೈಗೆ ಹೋಗದಂತೆ ಕಾಯಬೇಕೆಂದು 535ನೇ ಕ್ಯಾನನ್ ವಿಚಾರಣಾ ಗುರುಗಳಿಗೆ ಹೇಳುತ್ತದೆ. ಸರ್ವರ್ ಕೂಡ ಹೊರಗಿನವರ ಕೈಯೇ.

ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ಪರೀಕ್ಷೆ ಇನ್ನೂ ಕಠಿಣ. ದೇವರ ಸ್ವರೂಪದ ಪಾಠ ಹೇಳುವ ಸಂಸ್ಥೆಯೇ ಮಗುವನ್ನು ಅಂಕಿಯಾಗಿ ನೋಡಿದರೆ ಪಾಠ ಯಾರು ನಂಬುತ್ತಾರೆ? ಮುಖ ಗುರುತಿಸಿ ಹಾಜರಿ ಹಾಕುವ ಕ್ಯಾಮೆರಾ, ಅರ್ಜಿಗಳನ್ನು ತಾನೇ ಸೋಸುವ ತಂತ್ರಾಂಶ, ಯಾವ ರೋಗಿಯನ್ನು ಮೊದಲು ನೋಡಬೇಕೆಂದು ಅಂಕ ಕೊಡುವ ವ್ಯವಸ್ಥೆ ಇವುಗಳನ್ನು ಕೊಳ್ಳುವ ಮುನ್ನ ಮಾರುವವರನ್ನು ಕೇಳಬೇಕಾದ ಪ್ರಶ್ನೆ ಮೂರು: ಮಾಹಿತಿ ಎಲ್ಲಿ ಉಳಿಯುತ್ತದೆ, ಎಷ್ಟು ದಿನ? ಯಂತ್ರ ಬೇಡವೆಂದವರನ್ನು ಬೇಕೆನ್ನಲು ಅಧಿಕಾರವಿರುವ ಮನುಷ್ಯ ಯಾರು? ತಪ್ಪಾದಾಗ ತಂದೆತಾಯಿ ಯಾರ ಕೋಣೆಯ ಬಾಗಿಲು ತಟ್ಟಬೇಕು? ಮೂರನೆಯದಕ್ಕೆ ಹೆಸರಿರುವ ಒಬ್ಬರನ್ನು ತೋರಿಸದಿದ್ದರೆ ಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಅದನ್ನು ದಾಖಲಾತಿ ಫಾರಂನ ಕೊನೆಯ ಸಾಲಿನಲ್ಲಿ ಅಡಗಿಸಿ ಪಡೆದರೆ ಒಪ್ಪಿಗೆ ಎನಿಸದು.

ತಾವು ಮಾಡಬೇಕೆಂದು ನಾವು ಕೋರುವುದು ಇಷ್ಟು. ಐದು ಜನರ ಒಂದು ಸಮಿತಿ: ಹಳ್ಳಿಯ ಧರ್ಮಕೇಂದ್ರ ನಡೆಸುವ ಒಬ್ಬ ಗುರು ಅಥವಾ ಪಾಸ್ಟರು, ಸಭೆಯ ಕಾನೂನು ಬಲ್ಲ ಒಬ್ಬರು, ಒಬ್ಬ ಮನೋವೈದ್ಯರು, ಒಬ್ಬ ಶಾಲಾ ಶಿಕ್ಷಕಿ, ಒಬ್ಬ ತಂತ್ರಾಂಶ ಎಂಜಿನಿಯರ್. ಬೆಂಗಳೂರಿನಲ್ಲಿ ಐದನೆಯವರು ಪ್ರತಿ ಬೆಂಚಿನಲ್ಲೂ ಸಿಗುತ್ತಾರೆ; ಮೊದಲನೆಯವರನ್ನು ಹುಡುಕಿ ತನ್ನಿ, ಸಮಿತಿಗೆ ಅವರೇ ಹೆಚ್ಚು ಬೇಕು. ಆರು ತಿಂಗಳಲ್ಲಿ ಎರಡು ಪುಟದ ಕನ್ನಡ ಸೂಚನೆ ಹೊರಬರಲಿ. ಪಾಪನಿವೇದನೆ, ಆತ್ಮಿಕ ಸಲಹೆ, ರಿಜಿಸ್ಟರು ಈ ಮೂರು ಕಡೆ ಯಂತ್ರ ಬೇಡವೆಂದು ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲದೆ ಇರಲಿ. ಪತ್ರಿಕೆ, ಪೋಸ್ಟರು, ಹಾಡಿಗೆ ಬಳಸಿದರೆ ಬಳಸಿದ್ದೇವೆಂದು ಕೆಳಗೆ ಒಂದು ಸಾಲು ಬರೆಯಬೇಕೆಂದಿರಲಿ. ಧರ್ಮೋಪದೇಶದ ತರಗತಿಗೆ ನಾಲ್ಕು ಭಾನುವಾರದ ಪಾಠ ಸೇರಲಿ, ಮೇಲಿನ ಚೀಟಿಯ ಆಟ ಮೊದಲ ಭಾನುವಾರಕ್ಕೆ ಸಾಕು.

ಕರಡಿನ ಮೊದಲ ರೂಪ ನಮ್ಮ ಬಳಿ ಸಿದ್ಧವಿದೆ, ಕಥೋಲಿಕ ಪದಗಳದ್ದೊಂದು, ಪ್ರಾಟೆಸ್ಟಂಟ್ ಪದಗಳದ್ದೊಂದು. ಯಂತ್ರದಿಂದ ಬರೆಸಿಲ್ಲ, ಹಾಗಾಗಿ ಕಾಗುಣಿತದ ತಪ್ಪುಗಳಿವೆ. ದಿನ ಗೊತ್ತುಮಾಡಿ ತಿಳಿಸಿದರೆ ತಿದ್ದುವ ಪೆನ್ನಿನ ಸಮೇತ ಬರುತ್ತೇವೆ.

ತಮ್ಮ ವಿಶ್ವಾಸಿಗಳಾದ,
ದೈವಶಾಸ್ತ್ರ ಕಲಿಸುವ ಮತ್ತು ತಂತ್ರಾಂಶ ಬರೆಯುವ ಕೆಲವು ಶ್ರೀಸಾಮಾನ್ಯರು